ಸ್ಟಾಪ್‌ವಾಚ್ ಹಿಡಿದು ನಿಂತವರು

ಮೊದಲು ಒಂದು ಸಣ್ಣ ಲೆಕ್ಕ. 2011ರ ಜನಗಣತಿ ಪ್ರಕಾರ ನಮ್ಮ ಮಂಡ್ಯ ಜಿಲ್ಲೆಯ ಜನಸಂಖ್ಯೆ ಸುಮಾರು 18 ಲಕ್ಷ, ಪಕ್ಕದ ಮೈಸೂರು ಜಿಲ್ಲೆಯದು ಸುಮಾರು 30 ಲಕ್ಷ. ಎರಡೂ ಸೇರಿದರೆ 48 ಲಕ್ಷ. ಇಂಗ್ಲೆಂಡಿನ ಪಶ್ಚಿಮಕ್ಕೆ ಅಂಟಿಕೊಂಡಿರುವ ವೇಲ್ಸ್ ಅನ್ನೋ ಪುಟ್ಟ ದೇಶದಲ್ಲಿ ಇರೋದು 31 ಲಕ್ಷದ ಆಸುಪಾಸು ಜನ. ಅಂದ್ರೆ ನಮ್ಮ ಎರಡು ಜಿಲ್ಲೆಗಿಂತ ಕಮ್ಮಿ. ವರ್ಷದ ಬಹುಪಾಲು ಮಳೆ, ಚಳಿ, ಎದುರುಗಾಳಿ. ಅಂಥ ಜಾಗದಿಂದ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ರಸ್ತೆ ಸೈಕಲ್ ರೇಸ್ ಗೆದ್ದ ನಿಕೋಲ್ ಕುಕ್ ಬಂದರು. ಅಲ್ಲಿಂದಲೇ 2018ರ ಟೂರ್ ಡಿ ಫ್ರಾನ್ಸ್ ಗೆದ್ದ ಜೆರೆಂಟ್ ಥಾಮಸ್ ಬಂದರು. ಮೂರು ವಾರ, 21 ಹಂತ, 3,300 ಕಿಲೋಮೀಟರಿಗೂ ಹೆಚ್ಚು ದೂರದ ರೇಸ್ ಅದು.

ನಮ್ಮ 48 ಲಕ್ಷದಿಂದ ಯಾಕೆ ಯಾರೂ ಬರಲಿಲ್ಲ ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಗೊತ್ತೇ ಇದೆ. ದುಡ್ಡಿಲ್ಲ, ರಸ್ತೆ ಸರಿ ಇಲ್ಲ, ನಮ್ಮ ಜನಕ್ಕೆ ಕ್ರಿಕೆಟ್ ಬಿಟ್ಟು ಬೇರೆ ಬೇಡ. ನಾನೂ ಇಷ್ಟೇ ಅಂದುಕೊಂಡಿದ್ದವನು. ಹೋದ ವರ್ಷ ನಮ್ಮ ಮನೆಯಲ್ಲೇ ಈ ಪ್ರಶ್ನೆ ಎದ್ದು ನಿಂತಾಗ ಸ್ವಲ್ಪ ಕೂತು ಹುಡುಕಬೇಕಾಯಿತು. ಹುಡುಕಿದ್ದನ್ನು, ಮನೆಯಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಬೆಳಗೊಳ. ಶ್ರೀರಂಗಪಟ್ಟಣ ತಾಲ್ಲೂಕು. ಮೈಸೂರಿನಿಂದ ಕೆ.ಆರ್.ಎಸ್. ನೋಡೋಕೆ ಹೋಗುವಾಗ ನೀವೆಲ್ಲ ನಮ್ಮೂರನ್ನು ದಾಟಿಕೊಂಡೇ ಹೋಗಿರುತ್ತೀರಿ, ನಿಲ್ಲಿಸಿರೋದಿಲ್ಲ ಅಷ್ಟೆ. ಅರಸೀಕೆರೆ ರೈಲು ಮಾರ್ಗದಲ್ಲಿ ನಮ್ಮ ಹೆಸರಿನ ಒಂದು ಸ್ಟೇಷನ್ನೂ ಇದೆ. ಒಂದು ಕಾಲದಲ್ಲಿ ಇದು ಸೈಕಲ್ ಊರು. ಇಲ್ಲಿ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ ಇತ್ತು. ಶಿಫ್ಟ್ ಬಿಡುವ ಹೊತ್ತಿಗೆ ರಸ್ತೆ ತುಂಬ ಸೈಕಲ್ಲು, ಹ್ಯಾಂಡಲ್ಲಿಗೆ ನೇತುಹಾಕಿದ ಟಿಫಿನ್ ಕ್ಯಾರಿಯರ್ರು ಅಂತ ಅಜ್ಜಿ ಹೇಳುತ್ತಿರುತ್ತಾಳೆ. ನಮ್ಮ ತಾತನೂ ಆ ಗುಂಪಿನಲ್ಲಿ ಒಬ್ಬ. ಮಿಲ್ಲು ಮುಚ್ಚಿತು, ಸೈಕಲ್ಲು ಮೊಪೆಡ್ ಆಯಿತು, ಮೊಪೆಡ್ ಬೈಕ್ ಆಯಿತು. ಕೊನೆಗೆ ಸೈಕಲ್ ಉಳಿದಿದ್ದು ಹೈಸ್ಕೂಲ್ ಮಕ್ಕಳ ಹತ್ತಿರ ಮಾತ್ರ, ಅದೂ ಸರ್ಕಾರ ಕೊಟ್ಟಿದ್ದಕ್ಕೆ. 2006-07ರಲ್ಲಿ ಶುರುವಾದ ಯೋಜನೆ ಅದು, ಎಂಟನೇ ಕ್ಲಾಸಿನವರಿಗೆ ಉಚಿತ ಸೈಕಲ್. ನನಗೂ ಒಂದು ಬಂತು. ಕೋವಿಡ್ ಬಂದಮೇಲೆ ವಿತರಣೆ ನಿಂತಿತು. ಹಾಗಾಗಿ ನಮ್ಮ ಚಿಕ್ಕಪ್ಪನ ಮಗಳು ಹೈಸ್ಕೂಲ್ ಸೇರಿದಾಗ ಅವಳಿಗೆ ಹೊಸ ಸೈಕಲ್ ಸಿಗಲಿಲ್ಲ, ನನ್ನದೇ ಹೋಯಿತು. ಚೈನ್ ಕವರ್ ಕಿತ್ತುಹೋಗಿ, ಕ್ಯಾರಿಯರ್ ಅಲ್ಲಾಡುತ್ತಿದ್ದ ಸೈಕಲ್.

ಅವಳು ಆ ಸೈಕಲ್ ತುಳಿಯುವ ರೀತಿ ನೋಡಿ ಮೊದಲು ತಮಾಷೆ ಮಾಡಿದ್ದೇ ನಾವು. ಆಲೆಮನೆಗೆ ಕಬ್ಬು ಹೊತ್ತು ಹೋಗುವ ಟ್ರ್ಯಾಕ್ಟರ್ ಮುಂದೆ ಹೋಗುತ್ತಿದ್ದರೆ ಅದನ್ನು ಹಿಂದೆ ಹಾಕದೆ ಬಿಡೋಳಲ್ಲ. ಒಂದು ದಿನ ನಾನು ರಜೆಗೆ ಊರಿಗೆ ಬಂದಿದ್ದಾಗ, "ಅಣ್ಣ, ನಾನು ಎಷ್ಟ್ ಸ್ಪೀಡ್ ಹೋಯ್ತೀನಿ ಅಂತ ನಿನ್ ಮೊಬೈಲಲ್ಲಿ ನೋಡಕಾಯ್ತದಾ?" ಅಂದಳು. ಎಂಜಿನಿಯರಿಂಗ್ ಓದುವವನಿಗೆ ಇಂಥ ಪ್ರಶ್ನೆ ಕೇಳಿದರೆ ಮುಗೀತು ಅಲ್ವಾ?

ಪಾಲಹಳ್ಳಿ ಕಡೆಯ ರಸ್ತೆಯಲ್ಲಿ ಎರಡೂವರೆ ಕಿಲೋಮೀಟರ್ ಗುರುತು ಮಾಡಿದೆ. ಹೋಗಿ ತಿರುಗಿ ಬಂದರೆ ಐದು. ಹೋಗಿ-ಬರೋದು ಯಾಕೆ ಅಂದರೆ ಒಂದು ಕಡೆ ಸಿಕ್ಕ ಗಾಳಿಯ ಸಹಾಯ ಇನ್ನೊಂದು ಕಡೆ ಬಹುಪಾಲು ವಸೂಲಾಗುತ್ತೆ. ಭಾನುವಾರ ಬೆಳಿಗ್ಗೆ ಆರಕ್ಕೆ ಅವಳು ಹೊರಟಳು, ನಾನು ಮೊಬೈಲ್ ಸ್ಟಾಪ್‌ವಾಚ್ ಒತ್ತಿದೆ. ವಾಪಸ್ ಬಂದಾಗ 12 ನಿಮಿಷ. ಗಂಟೆಗೆ 25 ಕಿಲೋಮೀಟರ್.

ಇದೇನು ಮಹಾ ಅನ್ನಬೇಡಿ, ಲೆಕ್ಕ ಹಾಕೋಣ. ಸಮತಟ್ಟು ರಸ್ತೆಯಲ್ಲಿ ಸೈಕಲ್ ಸವಾರನ ಶಕ್ತಿ ಎರಡು ಕಡೆ ಖರ್ಚಾಗುತ್ತೆ: ಗಾಳಿ ತಳ್ಳೋದಕ್ಕೆ ಮತ್ತು ಟೈರು ರಸ್ತೆಗೆ ಉಜ್ಜುವುದಕ್ಕೆ. ಗಾಳಿಗೆ ಕೊಡುವ ಪವರ್ ವೇಗದ ಘನಕ್ಕೆ ಅನುಪಾತದಲ್ಲಿರುತ್ತೆ. ವೇಗ ಎರಡು ಪಟ್ಟಾದರೆ ಪವರ್ ಎಂಟು ಪಟ್ಟು ಬೇಕು. ನೆಟ್ಟಗೆ ಕೂತು ಹೋಗುವವರ ಡ್ರ್ಯಾಗ್ ಏರಿಯಾ ಸುಮಾರು 0.5 ಚದರ ಮೀಟರ್ ಅಂತ ಇಟ್ಟುಕೊಳ್ಳಿ, ನಮ್ಮ ಎತ್ತರದಲ್ಲಿ ಗಾಳಿಯ ಸಾಂದ್ರತೆ ಘನಮೀಟರಿಗೆ 1.1 ಕೆ.ಜಿ. ಸೆಕೆಂಡಿಗೆ 6.9 ಮೀಟರ್ ವೇಗಕ್ಕೆ ಗಾಳಿಗೇ 92 ವ್ಯಾಟ್. ಅವಳು 44 ಕೆ.ಜಿ., ಸೈಕಲ್ಲು ಹತ್ತಿರ ಹತ್ತಿರ 20 ಕೆ.ಜಿ., ಟೈರಿಗೆ ಇನ್ನೊಂದು 35 ವ್ಯಾಟ್. ಚೈನಿನಲ್ಲಿ ಹೋಗೋದೂ ಸೇರಿದರೆ ಒಟ್ಟು 130ರ ಸುತ್ತಮುತ್ತ. ಅಂದರೆ ದೇಹದ ಪ್ರತಿ ಕೆ.ಜಿ.ಗೆ ಮೂರು ವ್ಯಾಟ್, 12 ನಿಮಿಷ ಬಿಡದೆ. ಯಾವ ತರಬೇತಿಯೂ ಇಲ್ಲದ ಹದಿನೈದು ವರ್ಷದ ಹುಡುಗಿ, ಸರ್ಕಾರಿ ಸೈಕಲ್ಲಿನಲ್ಲಿ, ರಾಗಿಮುದ್ದೆ ಉಂಡು. ಜಿಮ್‌ನಲ್ಲಿ ಪವರ್ ತೋರಿಸುವ ಸೈಕಲ್ ಇದ್ದರೆ ಹತ್ತಿ ನೋಡಿ, ನಿಮಗೇ ಗೊತ್ತಾಗುತ್ತೆ.

ಇನ್ನೊಂದು ಸ್ವಾರಸ್ಯ. ಸೈಕಲ್ಲಿನ ಹಲ್ಲು ಎಣಿಸಿದೆ. ಮುಂದೆ 44, ಹಿಂದೆ 18. ಚಕ್ರದ ಸುತ್ತಳತೆ ಎರಡು ಮೀಟರಿಗೆ ಸ್ವಲ್ಪ ಜಾಸ್ತಿ. ಒಂದು ಸಲ ಪೆಡಲ್ ಪೂರ್ತಿ ತಿರುಗಿದರೆ ಸೈಕಲ್ ಐದು ಮೀಟರ್ ಮುಂದೆ ಹೋಗುತ್ತೆ. ಗಂಟೆಗೆ 25 ಕಿಲೋಮೀಟರ್ ಅಂದರೆ ನಿಮಿಷಕ್ಕೆ 80ಕ್ಕೂ ಹೆಚ್ಚು ಸಲ ಪೆಡಲ್ ತಿರುಗಲೇಬೇಕು. ಬೇರೆ ದಾರಿಯೇ ಇಲ್ಲ, ಗೇರ್ ಇಲ್ವಲ್ಲ! ಅಂತಾರಾಷ್ಟ್ರೀಯ ಜೂನಿಯರ್ ರೇಸುಗಳಲ್ಲಿ ಬಹಳ ವರ್ಷ ಒಂದು ನಿಯಮ ಇತ್ತು. ಪೆಡಲಿನ ಒಂದು ಸುತ್ತಿಗೆ 7.93 ಮೀಟರಿಗಿಂತ ಹೆಚ್ಚು ಹೋಗುವ ಗೇರ್ ಹಾಕುವಂತಿಲ್ಲ. ಸೈಕಲ್ಲನ್ನು ನೆಲದ ಮೇಲೆ ಹಿಂದಕ್ಕೆ ಉರುಳಿಸಿ ಅಳತೆ ಮಾಡುತ್ತಿದ್ದರು. ಬೆಳೆಯುವ ಮಕ್ಕಳ ಮಂಡಿಗೆ ಭಾರ ಬೀಳಬಾರದು, ಕಾಲಿನ ಬಲಕ್ಕಿಂತ ಮೊದಲು ಕಾಲಿನ ಲಯ ಬರಬೇಕು ಅನ್ನೋದು ಉದ್ದೇಶ. ಅವರು ನಿಯಮ ಮಾಡಿ ಕಲಿಸಿದ್ದನ್ನು ನಮ್ಮ ಸರ್ಕಾರಿ ಸೈಕಲ್ಲು ತಾನಾಗಿಯೇ ಕಲಿಸಿಬಿಟ್ಟಿತ್ತು.

ಆಮೇಲಿಂದ ನಾನು ಊರಿಗೆ ಬಂದ ಪ್ರತಿ ಭಾನುವಾರ ಬೆಳಿಗ್ಗೆ ಇದೇ ಕೆಲಸ. ಆಚೆ ಮನೆಯ ಇಬ್ಬರು ಹುಡುಗರೂ ಸೇರಿಕೊಂಡರು. ಗುರುತಿನ ಕಲ್ಲು ದಾಟಿದ ತಕ್ಷಣ ಅವಳು ಕೇಳೋದು ಒಂದೇ ಮಾತು: "ಅಣ್ಣ, ಎಷ್ಟ್ ಬಂತು?"

ಈಗ ವೇಲ್ಸ್‌ಗೆ ವಾಪಸ್ ಹೋಗೋಣ. ಕಾರ್ಡಿಫ್ ನಗರದಲ್ಲಿ ಮೈಂಡಿ ಅನ್ನೋ ಜಾಗವಿದೆ. ಹಿಂದೆ ಅದು ಮಣ್ಣು ತೆಗೆದ ದೊಡ್ಡ ಗುಂಡಿ. ಅದನ್ನು ಮುಚ್ಚಿ 1951ರಲ್ಲಿ ಅಲ್ಲಿ ಒಂದು ಕ್ರೀಡಾಂಗಣ ಮಾಡಿದರು, ಸುತ್ತ ಸೈಕಲ್ ಟ್ರ್ಯಾಕ್. 1958ರ ಕಾಮನ್‌ವೆಲ್ತ್ ಕ್ರೀಡಾಕೂಟದ ಸೈಕಲ್ ರೇಸುಗಳು ನಡೆದದ್ದು ಅಲ್ಲೇ. ಆಮೇಲೆ ಕೂಟ ಮುಗಿಯಿತು, ಟ್ರ್ಯಾಕ್ ಉಳಿಯಿತು. 1990ರ ದಶಕದ ನಡುವೆ ಅಲ್ಲಿ ಮಕ್ಕಳಿಗಾಗಿ ಮೈಂಡಿ ಫ್ಲೈಯರ್ಸ್ ಅನ್ನೋ ಕ್ಲಬ್ ಶುರುವಾಯಿತು. ಪಕ್ಕದ ಈಜುಕೊಳಕ್ಕೆ ಬರುತ್ತಿದ್ದ ಹತ್ತು ವರ್ಷದ ಒಬ್ಬ ಹುಡುಗ ಈ ಸೈಕಲ್ ಮಕ್ಕಳನ್ನು ನೋಡಿ ಸೇರಿಕೊಂಡ. ಅವನೇ ಜೆರೆಂಟ್ ಥಾಮಸ್. ಒಬ್ಬ ಹುಟ್ಟಿದ್ದರೆ ಅದೃಷ್ಟ ಅನ್ನಬಹುದಿತ್ತು. ಆದರೆ ಅದೇ ಕ್ಲಬ್ಬಿನಿಂದ ಲೂಕ್ ರೋ ಬಂದ, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಎಲಿನಾರ್ ಬಾರ್ಕರ್ ಮತ್ತು ಓವೈನ್ ಡೌಲ್ ಬಂದರು. ಆ ಒಂದು ಟ್ರ್ಯಾಕಿನ ಸುತ್ತ ಹುಟ್ಟುವ ಮಕ್ಕಳ ಕಾಲಿನಲ್ಲಿ ವಿಶೇಷ ರಕ್ತ ಹರಿಯೋದಿಲ್ಲ. ಅಲ್ಲಿ ವಾರ ವಾರ ತಪ್ಪದೆ ಬಂದು ನಿಲ್ಲುವವರು ಇದ್ದರು, ಅಷ್ಟೆ. ಅವರಲ್ಲಿ ಎಷ್ಟೋ ಜನ ತಾವೂ ಒಂದು ಕಾಲಕ್ಕೆ ರೇಸ್ ಓಡಿಸಿ, ದೊಡ್ಡ ಹೆಸರು ಮಾಡದೆ, ಆಮೇಲೆ ಮಕ್ಕಳಿಗೆ ಕಲಿಸೋಕೆ ನಿಂತವರು. ಜಗತ್ತು ಥಾಮಸ್ ಹೆಸರು ಹೇಳುತ್ತೆ. ಅವನಿಗೆ ಗುಂಪಿನಲ್ಲಿ ಬೀಳದೆ ಓಡಿಸೋದು ಹೇಗೆ ಅಂತ ಹೇಳಿಕೊಟ್ಟವರ ಹೆಸರು ಆ ಬಡಾವಣೆ ದಾಟಿ ಹೆಚ್ಚು ದೂರ ಹೋಗಿಲ್ಲ.

ನಿಕೋಲ್ ಕುಕ್ ಕಥೆ ನಮ್ಮ ಹುಡುಗಿಗೆ ಇನ್ನೂ ಹತ್ತಿರ. ವಿಕ್ ಅನ್ನೋ ಸಣ್ಣ ಹಳ್ಳಿಯ ಹುಡುಗಿ. ಅಪ್ಪ ಫಿಸಿಕ್ಸ್ ಮೇಷ್ಟ್ರು, ಅವರೇ ಕೋಚ್. ಆಗ ಬ್ರಿಟನ್ನಿನಲ್ಲಿ ಹುಡುಗರಿಗೆ ಇದ್ದಂತೆ ಹುಡುಗಿಯರಿಗೆ ಪ್ರತ್ಯೇಕ ಯುವ ಚಾಂಪಿಯನ್‌ಶಿಪ್‌ಗಳು ಇರಲಿಲ್ಲ. ಅಪ್ಪ-ಮಗಳು ಹಟ ಹಿಡಿದು ಕೇಳಿದರು. 1999ರಲ್ಲಿ ಹದಿನಾರನೇ ವಯಸ್ಸಿಗೆ ಅವಳು ದೊಡ್ಡವರ ರಾಷ್ಟ್ರೀಯ ರಸ್ತೆ ರೇಸನ್ನೇ ಗೆದ್ದಳು. 2008ರಲ್ಲಿ ಒಲಿಂಪಿಕ್ ಚಿನ್ನ, ಅದೇ ವರ್ಷ ವಿಶ್ವ ಚಾಂಪಿಯನ್ ಪಟ್ಟ. ಒಂದೇ ವರ್ಷ ಎರಡನ್ನೂ ರಸ್ತೆ ರೇಸಿನಲ್ಲಿ ಗೆದ್ದ ಮೊದಲಿಗಳು ಅವಳು, ಗಂಡಸರಲ್ಲೂ ಅದಕ್ಕೆ ಮೊದಲು ಯಾರೂ ಗೆದ್ದಿರಲಿಲ್ಲ.

ಅದು ದುಡ್ಡಿರೋ ದೇಶ ಬಿಡು ಮಾರಾಯ ಅಂತೀರಾ? ಸರಿ, ನಮ್ಮ ಅಂಡಮಾನ್ ನೋಡಿ. ಜನಸಂಖ್ಯೆ ನಾಲ್ಕು ಲಕ್ಷವೂ ಇಲ್ಲ. 2004ರ ಸುನಾಮಿಯಲ್ಲಿ ಬದುಕುಳಿದ ಡೆಬೋರಾ ಹೆರಾಲ್ಡ್ ಅಲ್ಲಿಂದ ಬಂದು ದೇಶದ ಟ್ರ್ಯಾಕ್ ಸೈಕ್ಲಿಂಗಿನ ದೊಡ್ಡ ಹೆಸರಾದಳು. ಅಲ್ಲಿಯವನೇ ಆದ ಎಸೋ ಆಲ್ಬೆನ್ 2018ರಲ್ಲಿ ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್‌ನ ಕೀರಿನ್ ರೇಸಿನಲ್ಲಿ ಬೆಳ್ಳಿ ಗೆದ್ದ. ಮರುವರ್ಷ ಜರ್ಮನಿಯಲ್ಲಿ ಭಾರತದ ಹುಡುಗರ ತಂಡ ಜೂನಿಯರ್ ಟೀಮ್ ಸ್ಪ್ರಿಂಟ್ ವಿಶ್ವ ಚಾಂಪಿಯನ್ ಆಯಿತು, ಅದರಲ್ಲೂ ಇವನಿದ್ದ. ಕಾರಣ ಹುಡುಕಿದರೆ ಇಲ್ಲೂ ಅದೇ: ಸಣ್ಣ ಊರು, ಓಡಿಸೋಕೆ ಒಂದು ಜಾಗ, ಜೊತೆಗೆ ಮಕ್ಕಳನ್ನು ಕಲೆಹಾಕುವ ಮೇಷ್ಟ್ರು.

ಅಷ್ಟು ದೂರ ಯಾಕೆ, ನಮ್ಮ ರಾಜ್ಯದಲ್ಲೇ ಇದೆ. ರಾಷ್ಟ್ರೀಯ ರಸ್ತೆ ಸೈಕ್ಲಿಂಗಿನಲ್ಲಿ ಕರ್ನಾಟಕಕ್ಕೆ ಬರುವ ಪದಕಗಳನ್ನು ನೋಡಿ. ಹೆಚ್ಚಿನವು ವಿಜಯಪುರ, ಬಾಗಲಕೋಟೆ ಕಡೆಯ ಮಕ್ಕಳವು. ಆ ಕಡೆ ಜಾತ್ರೆಗೆ ಕುಸ್ತಿ ಇದ್ದ ಹಾಗೆ ಸೈಕಲ್ ರೇಸೂ ಇರುತ್ತೆ. ಮಾಮೂಲಿ ಸೈಕಲ್ಲಿನಲ್ಲೇ ಓಡಿಸ್ತಾರೆ, ಊರಿಗೆ ಊರೇ ನಿಂತು ನೋಡುತ್ತೆ. ಅಲ್ಲಿ ಕಣ್ಣಿಗೆ ಬಿದ್ದ ಹುಡುಗ ಹುಡುಗಿಯರನ್ನು ಕ್ರೀಡಾ ಇಲಾಖೆಯ ಹಾಸ್ಟೆಲ್ಲುಗಳು ತೆಗೆದುಕೊಳ್ಳುತ್ತವೆ. ಬೆಳಗಾವಿ ಜಿಲ್ಲೆಯ ಚಂದರಗಿಯಲ್ಲಿ ಒಂದು ಕ್ರೀಡಾ ಶಾಲೆ ಇದೆ, ಅಲ್ಲೂ ಸೈಕ್ಲಿಂಗ್ ಕಲಿಸುತ್ತಾರೆ. ಹೀಗೆ ಬೆಳೆದವರಲ್ಲಿ ಎಷ್ಟೋ ಜನ ರೈಲ್ವೆಯಲ್ಲಿ ಕೆಲಸ ಹಿಡಿದಿದ್ದಾರೆ. ಅಣ್ಣನಿಗೆ ಕೆಲಸ ಸಿಕ್ಕಿದ್ದನ್ನು ನೋಡಿ ತಮ್ಮ ಸೈಕಲ್ ಹತ್ತುತ್ತಾನೆ, ಪಕ್ಕದ ಮನೆಯ ಹುಡುಗಿಯೂ ಹತ್ತುತ್ತಾಳೆ. ಓಡಿಸೋದು ಬಿಟ್ಟವರು ಕೋಚ್ ಆಗಿ ಅದೇ ಊರಿಗೆ ವಾಪಸ್ ಬರುತ್ತಾರೆ. ಬಿಸಿಲು ನಮಗಿಂತ ಜೋರು, ನೀರು ನಮಗಿಂತ ಕಮ್ಮಿ. ಆದರೂ ಸೈಕಲ್ ಅಂದರೆ ಆ ಕಡೆ.

ನಮ್ಮ ಓದಿನ ಕಡೆಯಿಂದ ಬಂದವರ ಉದಾಹರಣೆ ಬೇಕಿದ್ದರೆ ಬೆಂಗಳೂರಿನ ನವೀನ್ ಜಾನ್ ಇದ್ದಾರೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವರು. ರೇಸಿಂಗ್ ಶುರುವಾಗಿದ್ದು ಅಲ್ಲಿಯ ಕಾಲೇಜು ಕ್ಲಬ್ಬಿನಲ್ಲಿ. ನಮ್ಮ ಹಾಗೇ ಅಸೈನ್‌ಮೆಂಟು, ಲ್ಯಾಬು ಎಲ್ಲ ಇಟ್ಟುಕೊಂಡೇ! ಆಮೇಲೆ ಬೆಂಗಳೂರಿಗೆ ಬಂದು 2014ರಲ್ಲಿ ಟೈಮ್ ಟ್ರಯಲ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. ಟೈಮ್ ಟ್ರಯಲ್ ಅಂದರೆ ಗುಂಪಿಲ್ಲದ ರೇಸ್, ಒಬ್ಬೊಬ್ಬರೇ ಗಡಿಯಾರದ ಜೊತೆ ಓಡಿಸೋದು. ಗಾಳಿ, ಕೂರುವ ಭಂಗಿ, ವ್ಯಾಟ್ ಲೆಕ್ಕ ಇವೆಲ್ಲ ಇಲ್ಲಿ ನೇರವಾಗಿ ಸೆಕೆಂಡುಗಳಾಗಿ ಬದಲಾಗುತ್ತವೆ. ಎಂಜಿನಿಯರುಗಳಿಗೆ ಹೇಳಿ ಮಾಡಿಸಿದ ಆಟ. 2016ರಲ್ಲಿ ಅವರು ಆಸ್ಟ್ರೇಲಿಯಾದ ಕಾಂಟಿನೆಂಟಲ್ ದರ್ಜೆಯ ತಂಡವೊಂದಕ್ಕೆ ಸೇರಿದರು, ಅದೇ ವರ್ಷ ದೋಹಾದ ವಿಶ್ವ ಚಾಂಪಿಯನ್‌ಶಿಪ್‌ನ 40 ಕಿಲೋಮೀಟರ್ ಟೈಮ್ ಟ್ರಯಲ್‌ನಲ್ಲಿ ಭಾರತದ ಜೆರ್ಸಿ ಹಾಕಿ ಇಳಿದರು. ಟೋನಿ ಮಾರ್ಟಿನ್ ಗೆದ್ದ ರೇಸ್ ಅದು. ಆಮೇಲೆ ತಾವು ಕಲಿತದ್ದನ್ನು ಬೇರೆಯವರಿಗೆ ಹೇಳಿಕೊಡುವ ಕೆಲಸಕ್ಕೂ ಇಳಿದರು.

ಇವರ ಕಥೆ ನಮ್ಮ ಮನೆಯಲ್ಲಿ ದೊಡ್ಡ ಜಗಳಕ್ಕೇ ಕಾರಣ ಆಯಿತು. ಯಾಕೆ ಅಂತ ಹೇಳುತ್ತೇನೆ.

ಈ ವರ್ಷ ಅವಳು ಎಸ್‌ಎಸ್‌ಎಲ್‌ಸಿ. ಓದಿನಲ್ಲಿ ಚೆನ್ನಾಗಿದ್ದಾಳೆ. ಮನೆಯವರ ಲೆಕ್ಕ ಸ್ಪಷ್ಟ: ಮೈಸೂರಿನಲ್ಲಿ ಪಿಯುಸಿ ಸೈನ್ಸ್, ಆಮೇಲೆ ಸಿಇಟಿ, ಅಣ್ಣನ ಹಾಗೆ ಎಂಜಿನಿಯರಿಂಗ್. ಅವಳ ಲೆಕ್ಕ ಬೇರೆ. ಪಿಯುಸಿ ಹಂತದಲ್ಲಿ ಕ್ರೀಡಾ ಹಾಸ್ಟೆಲ್‌ಗೆ ಆಯ್ಕೆ ನಡೆಯುತ್ತೆ ಅಂತ ಅವಳೇ ಪಿ.ಟಿ. ಮೇಷ್ಟ್ರ ಹತ್ತಿರ ಕೇಳಿಕೊಂಡು ಬಂದಿದ್ದಳು. ವಿಜಯಪುರ. ನಮ್ಮೂರಿನಿಂದ ಆರುನೂರು ಕಿಲೋಮೀಟರ್ ಆಚೆ.

ಚಿಕ್ಕವ್ವ ಕೇಳಿದ ತಕ್ಷಣ ಅಡುಗೆಮನೆಯಿಂದ ಆಚೆ ಬಂದಳು. "ಹೆಣ್ ಮಗೀನ ಅಷ್ಟ್ ದೂರ ಕಳ್ಸ್‌ಬುಟ್ಟು ನಾನಿಲ್ಲಿ ಉಣ್ಣಕಾದದಾ?" ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೈಕಲ್ ತುಳ್ದು ಯಾರ್ ಉದ್ಧಾರ ಆಗವ್ರೆ ಹೇಳಪ್ಪ? ನಮ್ಮಪ್ಪ ಮೂವತ್ತೊರ್ಷ ತುಳ್ದ, ಮಿಲ್‌ಗಂಟ ಹೋದ, ಮನೆಗ್ ಬಂದ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನ್ ಓದ್ದೋನು. ನೀನೇ ಹೇಳು, ನೀನ್ ಹೇಳ್ದಂಗೆ ಮಾಡನ" ಅಂದುಬಿಟ್ಟರು.

ನಾನು ನವೀನ್ ಜಾನ್ ಉದಾಹರಣೆ ಹೇಳಿದೆ. ಓದು ಮುಗಿಸಿಯೂ ಸೈಕ್ಲಿಸ್ಟ್ ಆಗಬಹುದು, ದೂರ ಓಡುವ ಆಟದಲ್ಲಿ ಇಪ್ಪತ್ತು ದಾಟಿದ ಮೇಲೂ ಬೆಳೆಯೋಕೆ ಜಾಗ ಇರುತ್ತೆ ಅಂದೆ. ಚಿಕ್ಕವ್ವನ ಮುಖದಲ್ಲಿ ಸಮಾಧಾನ ಕಾಣಿಸಿತು. ಆದರೆ ನಮ್ಮ ಹುಡುಗಿ ಬಿಡಬೇಕಲ್ಲ? "ಅವ್ರು ಕಲ್ತಿದ್ದು ಅಮೆರಿಕದ ಕಾಲೇಜಲ್ಲಿ. ಅಲ್ಲಿ ಕ್ಲಬ್ಬಿತ್ತು. ನಿಂಗೆ ನಿನ್ ಕಾಲೇಜಲ್ಲಿ ಸೈಕಲ್ ಕ್ಲಬ್ ಅದಾ ಅಣ್ಣ?" ಅಂದಳು. ಉತ್ತರ ನಿಮಗೆಲ್ಲ ಗೊತ್ತಿರೋದೇ. ಫೆಸ್ಟ್‌ಗೆ ಬ್ಯಾನರ್ ಕಟ್ಟೋಕೆ ಕ್ಲಬ್ ಇದೆ, ಡ್ರೋನ್‌ಗೆ ಕ್ಲಬ್ ಇದೆ, ಫೋಟೋಗೆ ಇದೆ. ಕನ್ನಡಕ್ಕೂ ಇದೆ, ಪುಣ್ಯಕ್ಕೆ! ಸೈಕಲ್ ಸ್ಟ್ಯಾಂಡಿನಲ್ಲಿ ನಿಂತಿರೋದೆಲ್ಲ ಬೈಕು. ಅವಳು ಕೇಳಿದ್ದು ಕಾಲಿನ ಬಗ್ಗೆ ಅಲ್ಲ, ಯಾರ ಹತ್ತಿರ ಕಲಿಯೋದು ಅಂತ.

ಇದಾದ ಎರಡು ವಾರಕ್ಕೆ ಒಂದು ಘಟನೆ ನಡೆಯಿತು. ವಾರಾಂತ್ಯದ ಬೆಳಿಗ್ಗೆ ಮೈಸೂರಿನ ಸೈಕಲ್ ಗುಂಪುಗಳು ಹೆಲ್ಮೆಟ್ಟು, ಮೈಗಂಟಿದ ಬಟ್ಟೆ ಹಾಕಿಕೊಂಡು ಕೆ.ಆರ್.ಎಸ್. ರಸ್ತೆಯಲ್ಲಿ ಬರುತ್ತವೆ. ಅವತ್ತು ನಾವು ಟೀ ಅಂಗಡಿ ಹತ್ತಿರ ನಿಂತಿದ್ದಾಗ ಅವರಲ್ಲಿ ವಯಸ್ಸಾದ ಒಬ್ಬರು ನಿಲ್ಲಿಸಿದರು. ಹಿಂದೆ ರೇಸ್ ಓಡಿಸುತ್ತಿದ್ದವರಂತೆ. ನಾನು ಉತ್ಸಾಹದಲ್ಲಿ ನನ್ನ ಲೆಕ್ಕವೆಲ್ಲ ಒಪ್ಪಿಸಿದೆ. ಐದು ಕಿಲೋಮೀಟರ್, 12 ನಿಮಿಷ, ಕೆ.ಜಿ.ಗೆ ಮೂರು ವ್ಯಾಟ್. ಅವರು ಟೀ ಕುಡಿಯುತ್ತಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಟೈಮ್ ಇರ್ಲಪ್ಪ. ಅವಳು ಬ್ರೇಕ್ ಹೆಂಗೆ ಹಿಡೀತಾಳೆ ತೋರ್ಸು" ಅಂದರು.

ಮುಂದಿನ ಅರ್ಧ ಗಂಟೆ ನಾನು ನೋಡಿದ್ದು ನನ್ನ ಫಾರ್ಮುಲಾದಲ್ಲಿ ಎಲ್ಲೂ ಇರಲಿಲ್ಲ. ಒಂದೇ ಕೈಯಲ್ಲಿ ಓಡಿಸು ಅಂದರು. ಹಿಂದೆ ತಿರುಗಿ ನೋಡು, ಆದರೆ ಸೈಕಲ್ ಗೆರೆ ಬಿಟ್ಟು ಹೋಗಬಾರದು ಅಂದರು. ನೆಲದ ಮೇಲೆ ನೀರಿನ ಬಾಟಲ್ ಇಟ್ಟು, ನಿಲ್ಲಿಸದೆ ಬಗ್ಗಿ ಎತ್ತಿಕೋ ಅಂದರು. ಅವಳು ಎರಡು ಸಲ ಕಾಲು ಊರಿದಳು, ಮೂರನೇ ಸಲ ಎತ್ತಿಕೊಂಡಳು. ಆಮೇಲೆ ಅವರು ಅವಳ ಹಿಮ್ಮಡಿಯನ್ನು ಪೆಡಲ್ ಮೇಲೆ ಇಡಿಸಿ, ಕಾಲು ಪೂರ್ತಿ ನೀಟಾಗುವಷ್ಟು ಸೀಟನ್ನು ಮೇಲೆತ್ತಿ ಬಿಗಿ ಮಾಡಿದರು. ಕಡೆಗೆ ತಮ್ಮ ಸೈಕಲ್ಲಿನ ಹಿಂದೆ ಒಂದು ಗೇಣು ಬಿಟ್ಟು ಬಾ ಅಂತ ಕರೆದುಕೊಂಡು ಹೋದರು. ಮುಂದಿನವರ ಹಿಂದೆ ಅಂಟಿಕೊಂಡರೆ ಕಾಲು ಭಾಗಕ್ಕೂ ಹೆಚ್ಚು ಶ್ರಮ ಉಳಿಯುತ್ತೆ ಅಂತ ನಾವು ಪುಸ್ತಕದಲ್ಲಿ ಓದುತ್ತೇವೆ. ಅಷ್ಟು ಹತ್ತಿರ ಹೋಗೋಕೆ ಭಯ ಬಿಡಬೇಕು, ಆ ಭಯ ಬಿಡಿಸೋಕೆ ಮುಂದೆ ಒಬ್ಬ ನಂಬಿಕಸ್ಥ ಮನುಷ್ಯನ ಬೆನ್ನು ಬೇಕು.

ಹೊರಡುವಾಗ ಅವರು ನನಗೆ ಹೇಳಿದ ಮಾತು: "ಪ್ರತಿ ವಾರ ಟೈಮ್ ತಗೀಬೇಡ. ತಿಂಗಳಿಗೊಂದು ಸಲ ಸಾಕು. ಉಳಿದ ದಿನ ಆಟ ಆಡ್ಲಿ. ಹದಿನೈದಕ್ಕೆ ಗೆದ್ದು ಹದಿನೆಂಟಕ್ಕೆ ಸೈಕಲ್ ಬಿಟ್ಟವರನ್ನ ಬೇಕಾದಷ್ಟು ನೋಡಿದೀನಿ."

ಈ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ನಾವು ಎಂಜಿನಿಯರಿಂಗ್‌ನವರು ಅಳೆಯೋದಕ್ಕೆ ಬರುವುದನ್ನೆಲ್ಲ ಅಳೆಯುತ್ತೇವೆ. ಅದರಲ್ಲಿ ಕೆಟ್ಟದ್ದೇನೂ ಇಲ್ಲ, ಆ 12 ನಿಮಿಷ ಇಲ್ಲದಿದ್ದರೆ ಮನೆಯಲ್ಲಿ ಈ ಮಾತೇ ಏಳುತ್ತಿರಲಿಲ್ಲ. ಆದರೆ ಮಕ್ಕಳ ಕೋಚ್ ಮಾಡುವ ಕೆಲಸದ ಮುಕ್ಕಾಲು ಪಾಲು ತಡೆಯುವ ಕೆಲಸ. ಈ ವಯಸ್ಸಿಗೆ ಇಷ್ಟು ಗೇರ್ ಸಾಕು, ಇವತ್ತಿಗೆ ಇಷ್ಟು ಸಾಕು, ನಾಳೆ ಮಲಗು. ಅದನ್ನು ಹೇಳೋಕೆ ಅವರು ಆ ಮಗುವನ್ನು ನಾಲ್ಕಾರು ವರ್ಷ ನೋಡಿರಬೇಕು, ಇನ್ನೂ ನಾಲ್ಕಾರು ವರ್ಷ ನೋಡುತ್ತೇನೆ ಅನ್ನೋ ಭರವಸೆ ಇರಬೇಕು. ಕಾರ್ಡಿಫ್‌ನಲ್ಲಿ, ಅಂಡಮಾನಿನಲ್ಲಿ, ವಿಜಯಪುರದಲ್ಲಿ ಇರೋದು ಅದು. ನಮ್ಮ ಮಂಡ್ಯದಲ್ಲಿ ಕಾಲಿಗೆ ಬರ ಇಲ್ಲ, ರಸ್ತೆಗೂ ಅಷ್ಟೇನೂ ಬರ ಇಲ್ಲ. ಕನ್ನಂಬಾಡಿ ಕಟ್ಟೆಯ ಸುತ್ತ ಬೆಳಗಿನ ಹೊತ್ತು ಸೈಕಲ್ ಹೊಡೆದವರಿಗೆ ಗೊತ್ತು. ನಿಂತು ನೋಡುವವರಿಗೆ ಬರ.

ಹಾಗಂತ ಚಿಕ್ಕಪ್ಪನಿಗೆ ಏನು ಹೇಳೋದು? ಸಿಇಟಿ ರ‍್ಯಾಂಕಿಗೆ ಒಂದು ದಾರಿ ಇದೆ, ಎಲ್ಲರಿಗೂ ಗೊತ್ತು, ಕೋಚಿಂಗ್ ಸೆಂಟರ್ ಬೀದಿಗೊಂದು. ಸೈಕಲ್ಲಿನಲ್ಲಿ ಒಂದು ಸಲ ಬಿದ್ದು ಕಾಲರ್ ಬೋನ್ ಮುರಿದರೆ ಒಂದು ವರ್ಷ ಹೋಯಿತು. ಆಯ್ಕೆ ಆದವರೆಲ್ಲ ರೈಲ್ವೆ ಸೇರೋದಿಲ್ಲ. ಅವಳ ಬದುಕಿನ ಮೇಲೆ ನಾನು ಬಾಜಿ ಕಟ್ಟಿ, ಸೋತರೆ ಸೋಲೋದು ಅವಳು. ಅದಕ್ಕೆ ನಾನು ಹೌದು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. "ಚಿಕ್ಕಪ್ಪ, ಒಂದ್ಸಲ ಹೋಗಿ ನೋಡ್ಕಂಡು ಬನ್ನಿ. ನೋಡಿದ್ಮೇಲೆ ನೀವೇ ಹೇಳಿ" ಅಂದೆ.

ದಸರಾ ರಜೆ ಮುಗಿಯುವ ಮೊದಲು ಅಪ್ಪ-ಮಗಳು ಮೈಸೂರಿನಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರು. ಮಧ್ಯಾಹ್ನ ಹತ್ತಿದರೆ ಮರುದಿನ ಬೆಳಿಗ್ಗೆ ವಿಜಯಪುರ. ಚಿಕ್ಕವ್ವ ಇಬ್ಬರಿಗೂ ಎರಡು ದಿನಕ್ಕಾಗುವಷ್ಟು ಚಪಾತಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಟ್ಟಳು. ಮುಖ ಮಾತ್ರ ಗಂಟು ಹಾಕಿಕೊಂಡೇ ಇತ್ತು.

ವಾಪಸ್ ಬಂದ ಮೇಲೆ ಚಿಕ್ಕಪ್ಪ ಜಗುಲಿ ಮೇಲೆ ಕೂತು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಅಲ್ಲಿ ಐದ್ ಗಂಟೆಗೇ ಮಕ್ಳು ರೋಡಲ್ಲವೆ ಕಣಪ್ಪ. ಹೆಣ್ ಮಕ್ಳೂ ಅವೆ. ಹಿಂದ್ಗಡೆ ಮೇಷ್ಟ್ರು ಬೈಕಲ್ಲಿ ಹೋಯ್ತಾನೇ ಇರ್ತಾರೆ, ಒಂದ್ ಮಗ ಹಿಂದುಕ್ ಬಿದ್ರೆ ಅದ್ರ ಪಕ್ಕ ಬತ್ತಾರೆ. ನಮ್ಮೂರಲ್ಲಿ ಎಮ್ಮೆ ಹಿಂದ್ಗಡೆನೂ ಯಾರೂ ಹಂಗ್ ಹೋಗಾಕಿಲ್ಲ."

ಎಲ್ಲರೂ ನಕ್ಕರು. ಚಿಕ್ಕವ್ವ ನಗಲಿಲ್ಲ, ಆದರೆ ಒಂದು ಪ್ರಶ್ನೆ ಕೇಳಿದಳು: "ಊಟಕ್ಕೆ ಏನ್ ಕೊಡ್ತಾರಂತೆ?" ಅವತ್ತಿಗೆ ಮಾತು ಅಲ್ಲಿಗೆ ನಿಂತಿತು. ಆ ಪ್ರಶ್ನೆ ಕೇಳಿದ ಮೇಲೆ ನಮ್ಮ ಹುಡುಗಿ ಮಾತ್ರ ಅಡುಗೆಮನೆಯಲ್ಲಿ ಪಾತ್ರೆ ತೊಳೆಯೋಕೆ ತಾನಾಗಿಯೇ ಎದ್ದು ಹೋದಳು. ಹದಿನೈದು ವರ್ಷದಲ್ಲಿ ಅದೇ ಮೊದಲು!

ಈಗಿನ ಒಪ್ಪಂದ ಹೀಗಿದೆ. ಮೊದಲು ಎಸ್‌ಎಸ್‌ಎಲ್‌ಸಿ ಪರೀಕ್ಷೆ ಚೆನ್ನಾಗಿ ಬರೆಯಬೇಕು. ಆಯ್ಕೆಗೆ ಹೋಗಲಿ, ಚಿಕ್ಕಪ್ಪನೇ ಕರೆದುಕೊಂಡು ಹೋಗುತ್ತಾರೆ. ಸಿಕ್ಕಿದರೆ ಅಲ್ಲೇ ಪಿಯುಸಿ, ಸೈನ್ಸೋ ಆರ್ಟ್ಸೋ ಅವಳೇ ತೀರ್ಮಾನ ಮಾಡಬೇಕು. ಸಿಗದಿದ್ದರೆ ಮೈಸೂರು, ಸೈಕಲ್ ಮಾತ್ರ ಬಿಡುವಂತಿಲ್ಲ. ಈ ಕೊನೆಯ ಷರತ್ತು ಹಾಕಿದ್ದು ಯಾರು ಗೊತ್ತಾ? ಅಜ್ಜಿ. "ನಿಮ್ ತಾತನ್ ಕಾಲು ಬಂದದೆ ಅದ್ಕೆ, ಸುಮ್ನೆ ಬುಡ್ರಲಾ" ಅಂದಳು.

ಅವಳು ಹೋದರೂ ಹೋಗದಿದ್ದರೂ ಆಚೆ ಮನೆಯ ಆ ಇಬ್ಬರು ಹುಡುಗರು ಇದ್ದಾರೆ. ಈಗ ಅವರ ಜೊತೆ ಇನ್ನೂ ನಾಲ್ಕು ಮಕ್ಕಳು ಬರುತ್ತಿದ್ದಾರೆ, ಒಬ್ಬ ಆರನೇ ಕ್ಲಾಸಿನವನು, ಸೀಟಿನ ಮೇಲೆ ಕೂತರೆ ಕಾಲು ಎಟುಕೋದಿಲ್ಲ. ಮೈಸೂರಿನ ಆ ಹಿರಿಯರು ತಿಂಗಳಿಗೊಂದು ಭಾನುವಾರ ಬರುತ್ತೇನೆ ಅಂದಿದ್ದಾರೆ, ಇದುವರೆಗೆ ಮೂರು ಸಲ ಬಂದಿದ್ದಾರೆ. ಉಳಿದ ಭಾನುವಾರ ನಾನು, ನಮ್ಮ ಹಾಸ್ಟೆಲ್‌ನ ಇನ್ನಿಬ್ಬರು ಹೋಗುತ್ತೇವೆ. ನಾವು ಕೋಚ್‌ಗಳಲ್ಲ. ಟೈರಿಗೆ ಗಾಳಿ ಹೊಡೆಯುತ್ತೇವೆ, ಬ್ರೇಕ್ ಬಿಗಿ ಮಾಡುತ್ತೇವೆ, ತಿರುವಿನಲ್ಲಿ ನಿಂತು ಟ್ರ್ಯಾಕ್ಟರ್ ಬಂದರೆ ಕೂಗುತ್ತೇವೆ. ಈ ಕೆಲಸಕ್ಕೆ ಸಿಜಿಪಿಎ ಬೇಡ.

ನಿಮ್ಮ ಹತ್ತಿರ ಹಳೇ ಹೆಲ್ಮೆಟ್ ಇದ್ದರೆ, ಅದೂ ಸಣ್ಣ ಸೈಜಿನದು, ದಯವಿಟ್ಟು ಕನ್ನಡ ಸಂಘದ ರೂಮಿನಲ್ಲಿ ಕೊಡಿ. ಮೆಕ್ಯಾನಿಕಲ್‌ನವರು ಯಾರಾದರೂ ಚಕ್ರದ ಬೆಂಡು ತೆಗೆಯೋಕೆ ಬಲ್ಲವರಿದ್ದರೆ ಇನ್ನೂ ಒಳ್ಳೆಯದು. ಬೆಳಿಗ್ಗೆ ಆರಕ್ಕೆ ಬೆಳಗೊಳದಲ್ಲಿ ಇರಬೇಕು ಅಂದರೆ ಐದಕ್ಕೆ ಏಳಬೇಕಾಗುತ್ತೆ, ಮೊದಲೇ ಹೇಳಿಬಿಡುತ್ತೇನೆ. ಟೀ ನಮ್ಮ ಅಜ್ಜಿಯದು.